ಐರಿಷ್ ಭಾಷೆ ಮತ್ತೆ ಚಿಗುರುತ್ತಿದೆಯೇ? ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇಗೆ ಬಂದು ನೆಲೆಸಿ ಒಂಬತ್ತು ವರ್ಷವಾಯಿತು. ರಜೆಗೆ ಶಿವಮೊಗ್ಗಕ್ಕೆ ಹೋದಾಗಲೆಲ್ಲ ನೆಂಟರು, ಗೆಳೆಯರು ಈ ಭಾಷೆಯ ಬಗ್ಗೆ ಕೇಳುತ್ತಾರೆ. ಇಲ್ಲಿಗೆ ಹೊಸದಾಗಿ ಬಂದ ಕನ್ನಡದ ಕುಟುಂಬಗಳೂ ಕೇಳುತ್ತವೆ. ನಾನು ಭಾಷಾವಿಜ್ಞಾನಿಯಲ್ಲ, ಐದು ವರ್ಷದಿಂದ ಸಂಜೆ ತರಗತಿಗೆ ಹೋಗಿ ಈ ಭಾಷೆಯನ್ನು ಕಲಿಯುತ್ತಿರುವವಳು. ಅವರಿಗೆಲ್ಲ ಬಾಯಲ್ಲಿ ಹೇಳುತ್ತಾ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಐರಿಷ್ ಎಂದರೆ ಐರ್ಲೆಂಡಿನವರು ಆಡುವ ಇಂಗ್ಲಿಷ್ ಅಲ್ಲವೇ?

ಅಲ್ಲ. ಐರಿಷ್ ಬೇರೆಯೇ ಭಾಷೆ. ಅದನ್ನು ಆಡುವವರು ‘ಗೇಲ್ಗೆ’ ಎಂದು ಕರೆಯುತ್ತಾರೆ. ಅದು ಕೆಲ್ಟಿಕ್ ಗುಂಪಿಗೆ ಸೇರಿದ್ದು. ಸ್ಕಾಟ್ಲೆಂಡಿನ ಗೇಲಿಕ್ ಮತ್ತು ಮ್ಯಾನ್ ದ್ವೀಪದ ಮ್ಯಾಂಕ್ಸ್ ಅದರ ಒಡಹುಟ್ಟುಗಳು, ವೆಲ್ಷ್ ಸ್ವಲ್ಪ ದೂರದ ದಾಯಾದಿ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಐರಿಷ್ ಮಾತು ಒಂದಕ್ಷರವೂ ತಿಳಿಯುವುದಿಲ್ಲ.

ಹಳಮೆಯಲ್ಲೂ ಅದು ಕಡಿಮೆಯದಲ್ಲ. ನಾಲ್ಕರಿಂದ ಆರನೆಯ ಶತಮಾನದ ನಡುವೆ ಕೆತ್ತಿದ ಓಗಮ್ ಕಲ್ಲುಗಳು ಇಲ್ಲಿನ ಹೊಲಗಳಲ್ಲಿ, ಹಳೆಯ ಚರ್ಚುಗಳ ಅಂಗಳದಲ್ಲಿ ಇಂದಿಗೂ ನಿಂತಿವೆ. ಕಲ್ಲಿನ ಅಂಚನ್ನೇ ಗೆರೆಯಾಗಿ ಇಟ್ಟುಕೊಂಡು, ಅದರ ಎಡಕ್ಕೆ ಬಲಕ್ಕೆ ಗೀರು ಹಾಕಿ ಬರೆದ ಲಿಪಿ ಅದು. ಹೆಚ್ಚಿನವು ಯಾರೋ ಒಬ್ಬರ ಹೆಸರು, ಅವರ ತಂದೆಯ ಹೆಸರು ಅಷ್ಟೇ. ನಮ್ಮ ಹಲ್ಮಿಡಿ ಶಾಸನವನ್ನು ಸಾಮಾನ್ಯವಾಗಿ ಐದನೆಯ ಶತಮಾನದ್ದೆಂದು ಹೇಳುವುದರಿಂದ, ಎರಡೂ ಭಾಷೆಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕಲ್ಲಿನ ಮೇಲೆ ಬಂದವು ಎನ್ನಬಹುದು.

ಕನ್ನಡ ಬಲ್ಲವರಿಗೆ ಐರಿಷ್ ಕಲಿಯುವುದು ಕಷ್ಟವೇ?

ವಂಶದ ಲೆಕ್ಕದಲ್ಲಿ ಎರಡಕ್ಕೂ ನಂಟಿಲ್ಲ. ಐರಿಷ್ ಇಂಡೋ-ಯುರೋಪಿಯನ್, ಕನ್ನಡ ದ್ರಾವಿಡ. ಆದರೂ ತರಗತಿಯಲ್ಲಿ ಇಂಗ್ಲಿಷ್ ಮನೆಮಾತಿನ ಸಹಪಾಠಿಗಳು ತಡವರಿಸಿದ ಕಡೆ ಕೆಲವು ಸಲ ನನಗೆ ಸಲೀಸಾಯಿತು.

ಇಂಗ್ಲಿಷಿನಲ್ಲಿ ಹಸಿದವನೇ ವಾಕ್ಯದ ಯಜಮಾನ. ಐರಿಷಿನಲ್ಲಿ ‘ತಾ ಉಕ್ರಸ್ ಓರಮ್’, ಅಂದರೆ ‘ಹಸಿವು ನನ್ನ ಮೇಲಿದೆ’. ನಾವು ‘ನನಗೆ ಹಸಿವಾಗಿದೆ’ ಎನ್ನುತ್ತೇವೆ. ಹಸಿವು, ಬೇಸರ, ಭಯ, ನೆಗಡಿ ಎಲ್ಲವೂ ತಾವಾಗಿಯೇ ಬಂದು ಮನುಷ್ಯನ ಮೇಲೆ ಕೂರುತ್ತವೆ. ‘ತಾ ಗೇಲ್ಗೆ ಅಗಮ್’ ಎಂದರೆ ‘ಐರಿಷ್ ನನ್ನ ಬಳಿ ಇದೆ’. ನಮ್ಮಲ್ಲಿ ‘ನನಗೆ ಕನ್ನಡ ಬರುತ್ತದೆ’. ಬರುವುದು ಭಾಷೆ, ನಾವಲ್ಲ.

ಐರಿಷಿನಲ್ಲಿ ‘ಹೌದು’, ‘ಇಲ್ಲ’ ಎಂಬ ಪದಗಳಿಲ್ಲ. ಕ್ರಿಯಾಪದವನ್ನೇ ತಿರುಗಿ ಹೇಳಬೇಕು. ‘ಅರ್ ಹಾನಿಗ್ ತೂ?’ ಎಂದರೆ ‘ಬಂದೆಯಾ?’, ಉತ್ತರ ‘ಹಾನಿಗ್’, ಅಂದರೆ ‘ಬಂದೆ’. ನಮ್ಮಲ್ಲಿ ಹೌದು, ಇಲ್ಲ ಎರಡೂ ಇವೆ. ಆದರೂ ‘ಊಟ ಆಯಿತಾ?’ ಎಂದರೆ ‘ಆಯಿತು’ ಎಂದೇ ಅಲ್ಲವೇ ಹೇಳುವುದು?

ನನಗೆ ಅತಿ ಖುಷಿ ಕೊಟ್ಟದ್ದು ಪದದ ಮೊದಲ ಅಕ್ಷರ ಬದಲಾಗುವ ಬಗೆ. ‘ಕಪಲ್’ ಎಂದರೆ ಕುದುರೆ, ‘ನಮ್ಮ ಕುದುರೆ’ ಎನ್ನಬೇಕಾದರೆ ‘ಆರ್ ಗಪಲ್’. ‘ತ್ಯಾಖ್’ ಎಂದರೆ ಮನೆ, ನಮ್ಮ ಮನೆ ‘ಆರ್ ದ್ಯಾಖ್’. ‘ಪಾಶ್ಟೆ’ ಎಂದರೆ ಮಗು, ನಮ್ಮ ಮಗು ‘ಆರ್ ಬಾಶ್ಟೆ’. ಇದನ್ನು ಕರಿಹಲಗೆಯ ಮೇಲೆ ಬರೆದ ದಿನ ನಾನು ಎಂಟನೆಯ ತರಗತಿಯ ಕನ್ನಡ ವ್ಯಾಕರಣಕ್ಕೆ ಹೋಗಿಬಂದೆ. ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗಿ ಬರುವುದು: ಮಳೆಗಾಲ, ಬೆಟ್ಟದಾವರೆ, ಕಂಬನಿ. ಕಾರಣ ಬೇರೆಯಿರಬಹುದು, ಬಾಯಿ ಮಾಡುವ ಕೆಲಸ ಒಂದೇ. ಐರಿಷ್ ಬರವಣಿಗೆಯಲ್ಲಿ ಹಳೆಯ ಅಕ್ಷರವನ್ನು ಅಳಿಸುವುದಿಲ್ಲ, ಅದರ ಮುಂದೆ ಹೊಸದನ್ನು ಇಡುತ್ತಾರೆ. ಹಾಗಾಗಿ ಬರೆದದ್ದು ನೋಡಲು ಭಯಾನಕವಾಗಿ ಕಾಣುತ್ತದೆ. ನಿಯಮ ಗೊತ್ತಾದ ಮೇಲೆ ಇಂಗ್ಲಿಷ್ ಕಾಗುಣಿತಕ್ಕಿಂತ ಎಷ್ಟೋ ನೆಟ್ಟಗಿದೆ.

ಇಡೀ ದೇಶ ತನ್ನ ಭಾಷೆಯನ್ನು ಬಿಟ್ಟುಕೊಟ್ಟದ್ದು ಹೇಗೆ?

ಒಂದೇ ದಿನದಲ್ಲಿ ಅಲ್ಲ, ಒಂದೇ ಕಾರಣಕ್ಕೂ ಅಲ್ಲ. 1366ರಲ್ಲಿ ಕಿಲ್ಕೆನಿಯಲ್ಲಿ ಮಾಡಿದ ಕಾನೂನು, ಇಲ್ಲಿಗೆ ಬಂದು ನೆಲೆಸಿದ ಇಂಗ್ಲಿಷರು ಐರಿಷ್ ಆಡಬಾರದು ಎಂದು ತಡೆಯುತ್ತದೆ. ಅಂದರೆ ಆಗ ಬಂದವರೇ ಇಲ್ಲಿನ ಭಾಷೆಗೆ ಒಲಿಯುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಚಿತ್ರ ತಿರುಗಿತು. 1607ರಲ್ಲಿ ಉತ್ತರದ ದೊಡ್ಡ ಐರಿಷ್ ಒಡೆಯರು ದೇಶ ಬಿಟ್ಟು ಹೋದರು, ಆಮೇಲೆ ಇಂಗ್ಲೆಂಡಿನ ಸೇನಾನಿ ಕ್ರಾಮ್‌ವೆಲ್‌ನ ದಂಡು ಬಂತು, ಭೂಮಿ ಕೈತಪ್ಪಿತು. ಕವಿಗಳನ್ನು ಸಾಕುತ್ತಿದ್ದ ಮನೆತನಗಳು ಹೋದ ಮೇಲೆ ಐರಿಷ್ ಬಡವರ ಭಾಷೆಯಾಗಿ ಉಳಿಯಿತು. ನ್ಯಾಯಾಲಯ, ಸಂತೆ, ಗೇಣಿ ಪತ್ರ ಎಲ್ಲವೂ ಇಂಗ್ಲಿಷಿನಲ್ಲಿ. 1795ರಲ್ಲಿ ಮೇನೂತ್‌ನಲ್ಲಿ ಆರಂಭವಾದ ಕ್ಯಾಥೊಲಿಕ್ ಪಾದ್ರಿಗಳ ಕಾಲೇಜು ಕೂಡ ಇಂಗ್ಲಿಷಿನ ಕಡೆಗೇ ವಾಲಿತು.

1831ರಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳು ಬಂದವು. ಕಲಿಕೆ ಇಂಗ್ಲಿಷಿನಲ್ಲಿ, ಮಕ್ಕಳಿಗೆ ಗೊತ್ತಿದ್ದದ್ದು ಐರಿಷ್. ಆ ಕಾಲದ ‘ಬಾಟ ಸ್ಕೋರ್’ ಎಂಬ ಕೋಲಿನ ಬಗ್ಗೆ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮಗುವಿನ ಕೊರಳಿಗೆ ದಾರದಲ್ಲಿ ಒಂದು ಕಟ್ಟಿಗೆಯ ತುಂಡು. ಮಗು ಐರಿಷ್ ಮಾತೊಂದನ್ನು ಆಡಿದಾಗಲೆಲ್ಲ ಅದರ ಮೇಲೆ ಒಂದು ಕಚ್ಚು. ಸಂಜೆಗೆ ಕಚ್ಚುಗಳನ್ನು ಎಣಿಸಿ ಅಷ್ಟು ಏಟು. ನನ್ನ ಎದೆ ಹಿಂಡುವುದು ಆ ಏಟಿಗಿಂತ ಹೆಚ್ಚಾಗಿ ಇನ್ನೊಂದು ವಿಷಯ: ಎಷ್ಟೋ ಮನೆಗಳಲ್ಲಿ ಕಚ್ಚು ಹಾಕುತ್ತಿದ್ದವರು ತಂದೆತಾಯಿಗಳೇ. ತಮಗೆ ಇಂಗ್ಲಿಷ್ ಬರದಿದ್ದರೂ ಮಗುವಿಗೆ ಬರಲಿ ಎಂದು ಅವರು ಮೇಷ್ಟರ ಜೊತೆ ಕೈಜೋಡಿಸಿದರು. ಅವರನ್ನು ದೂರುವ ಹಕ್ಕು ನಮಗಿಲ್ಲ. ಅನ್ನದ ದಾರಿ ಯಾವ ಭಾಷೆಯಲ್ಲಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಬಂದದ್ದು ಬರಗಾಲ. 1845ರಲ್ಲಿ ಆಲೂಗೆಡ್ಡೆಗೆ ಅಂಗಮಾರಿ ರೋಗ ತಗುಲಿ ಬೆಳೆ ಕೊಳೆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಸುಮಾರು ಅಷ್ಟೇ ಜನ ಹಡಗು ಹತ್ತಿದರು. ಆಲೂಗೆಡ್ಡೆಯನ್ನೇ ನಂಬಿದ್ದ ಪಶ್ಚಿಮದ ಬಡ ಹಳ್ಳಿಗಳಿಗೆ ಅತಿ ದೊಡ್ಡ ಪೆಟ್ಟು ಬಿತ್ತು, ಐರಿಷ್ ಉಸಿರಾಡುತ್ತಿದ್ದದ್ದೂ ಅಲ್ಲಿಯೇ. 1851ರ ಜನಗಣತಿಯಲ್ಲಿ ಐರಿಷ್ ಬಲ್ಲವರು ಸುಮಾರು 15 ಲಕ್ಷ, ಅಂದರೆ ನೂರಕ್ಕೆ 23. ಐವತ್ತು ವರ್ಷದ ನಂತರ, 1901ರಲ್ಲಿ, 6.4 ಲಕ್ಷ. ಉಳಿದವರ ಲೆಕ್ಕ ಸರಳವಾಗಿತ್ತು: ಮಕ್ಕಳು ಹೇಗೂ ಬಾಸ್ಟನ್ನಿಗೋ ಲಿವರ್‌ಪೂಲಿಗೋ ಹೋಗುವವರು, ಅವರಿಗೆ ಇಂಗ್ಲಿಷ್ ಇರಲಿ.

ಉಳಿಸುವ ಕೆಲಸ ಯಾವಾಗ ಶುರುವಾಯಿತು?

ಮುಖ್ಯ ವರ್ಷ 1893. ಆ ಜುಲೈನಲ್ಲಿ ಡಬ್ಲಿನ್‌ನಲ್ಲಿ ‘ಕಾನ್ರಾ ನ ಗೇಲ್ಗೆ’ ಎಂಬ ಸಂಘ ಹುಟ್ಟಿತು. ಮುಂದಾಳು ಡಗ್ಲಾಸ್ ಹೈಡ್, ಪ್ರೊಟೆಸ್ಟಂಟ್ ಪಾದ್ರಿಯೊಬ್ಬರ ಮಗ. ಅವರ ಮನೆಮಾತು ಐರಿಷ್ ಅಲ್ಲ. ರಾಸ್‌ಕಾಮನ್ ಸೀಮೆಯಲ್ಲಿ ಬೆಳೆಯುವಾಗ ಸುತ್ತಲಿನ ಹಳ್ಳಿಗರಿಂದ, ಆಳುಕಾಳುಗಳಿಂದ ಕೇಳಿ ಕಲಿತು, ಕೇಳಿದ್ದನ್ನು ದಿನಚರಿಯಲ್ಲಿ ಕಿವಿಗೆ ಬಿದ್ದ ಹಾಗೆ ಬರೆದುಕೊಂಡವರು. ಇದೇ ಹೈಡ್ 1938ರಲ್ಲಿ ದೇಶದ ಮೊದಲ ಅಧ್ಯಕ್ಷರಾದರು.

ಸಂಘದ ಶಿಕ್ಷಕರು ಸೈಕಲ್ ತುಳಿದು ಊರೂರಿಗೆ ಹೋಗಿ ಸಂಜೆ ತರಗತಿ ನಡೆಸಿದರು. ಗಂಡಸರು ಹೆಂಗಸರು ಒಂದೇ ಕೋಣೆಯಲ್ಲಿ ಕುಳಿತು ಕಲಿತದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆ ತರಗತಿಗಳಲ್ಲಿ ಬೆಳೆದ ತಲೆಮಾರೇ ಮುಂದೆ ಸ್ವಾತಂತ್ರ್ಯ ಹೋರಾಟಕ್ಕೆ ಇಳಿಯಿತು. 1922ರಲ್ಲಿ ಸ್ವತಂತ್ರ ರಾಜ್ಯ ಬಂತು. 1937ರ ಸಂವಿಧಾನದ ಎಂಟನೆಯ ವಿಧಿ ಐರಿಷನ್ನು ರಾಷ್ಟ್ರಭಾಷೆ, ಮೊದಲ ಅಧಿಕೃತ ಭಾಷೆ ಎಂದು ಘೋಷಿಸಿತು. ಇಂಗ್ಲಿಷಿಗೆ ಎರಡನೆಯ ಸ್ಥಾನ.

ಹಾಗಾದರೆ ಸ್ವಂತ ಸರಕಾರ ಬಂದು ನೂರು ವರ್ಷವಾದರೂ ಎಲ್ಲರೂ ಇಂಗ್ಲಿಷನ್ನೇ ಏಕೆ ಆಡುತ್ತಾರೆ?

ಭಾರವನ್ನೆಲ್ಲ ಶಾಲೆಯ ಮಕ್ಕಳ ಹೆಗಲಿಗೆ ಹಾಕಿದ್ದು ದೊಡ್ಡ ತಪ್ಪು ಎಂದು ನನ್ನ ಅನಿಸಿಕೆ. ಸಚಿವರು ಇಂಗ್ಲಿಷಿನಲ್ಲಿ ಆಡಳಿತ ನಡೆಸಿದರು, ಅಂಗಡಿ, ಪತ್ರಿಕೆ, ಚರ್ಚು ಇಂಗ್ಲಿಷಿನಲ್ಲೇ ನಡೆದವು. ಐರಿಷ್ ಮಾತ್ರ ಕಡ್ಡಾಯ ಪಾಠವಾಯಿತು. 1973ರವರೆಗೆ ಐರಿಷಿನಲ್ಲಿ ನಪಾಸಾದವರಿಗೆ ಇಡೀ ಶಾಲಾಂತ್ಯ ಪರೀಕ್ಷೆಯೇ ನಪಾಸು. ಪ್ರೀತಿಯಿಂದ ಬರಬೇಕಾದದ್ದು ಹೆದರಿಕೆಯಿಂದ ಬಂತು. ಬಹಳ ಮಂದಿಗೆ ಬರಲೂ ಇಲ್ಲ.

ಇಲ್ಲಿ ಯಾವ ವಯಸ್ಸಿನವರನ್ನಾದರೂ ಕೇಳಿ, ಒಂದು ವಾಕ್ಯ ಮಾತ್ರ ತಪ್ಪದೆ ಹೇಳುತ್ತಾರೆ: ‘ಆನ್ ವಿಲ್ ಕ್ಯಾದ್ ಅಗಮ್ ದುಲ್ ಗೊ ಜೀ ಆನ್ ಲೆಹರಸ್?’ ಶೌಚಾಲಯಕ್ಕೆ ಹೋಗಲು ಅನುಮತಿ ಇದೆಯೇ ಎಂದು ಅರ್ಥ. ತರಗತಿಯಲ್ಲಿ ಅದನ್ನು ಐರಿಷಿನಲ್ಲಿ ಕೇಳದಿದ್ದರೆ ಬಿಡುತ್ತಿರಲಿಲ್ಲ. ನನ್ನ ಮಗಳು ಶಾಲೆಗೆ ಸೇರಿದ ಮೊದಲ ತಿಂಗಳಲ್ಲಿ ಮನೆಗೆ ತಂದ ವಾಕ್ಯವೂ ಅದೇ. ಪಕ್ಕದ ಮನೆಯ ಎಪ್ಪತ್ತು ದಾಟಿದ ಅಜ್ಜನಿಗೆ ಅವಳು ಅದನ್ನು ಹೇಳಿ ತೋರಿಸಿದಾಗ ಅವರೂ ಜೊತೆಗೆ ಹೇಳಿದರು, ಒಂದು ಸ್ವರವೂ ತಪ್ಪದೆ. ಬಳಸಲೇಬೇಕಾದ ಅಗತ್ಯವಿದ್ದ ಆ ಒಂದು ವಾಕ್ಯ ಅರುವತ್ತು ವರ್ಷ ನಿಂತಿದೆ. ಅಗತ್ಯವಿಲ್ಲದ ನೂರಾರು ಪಾಠಗಳು ನಿಂತಿಲ್ಲ.

ಈಗ ನಿಜವಾಗಿ ಎಷ್ಟು ಜನ ಮಾತನಾಡುತ್ತಾರೆ?

2022ರ ಜನಗಣತಿಯಲ್ಲಿ 18,73,997 ಜನ ತಮಗೆ ಐರಿಷ್ ಬರುತ್ತದೆ ಎಂದರು, ನೂರಕ್ಕೆ ನಲವತ್ತು. ಈ ಸಂಖ್ಯೆ ನೋಡಿ ಹಿಗ್ಗಬೇಡಿ. ಅವರಲ್ಲಿ ತುಂಬ ಚೆನ್ನಾಗಿ ಬರುತ್ತದೆ ಎಂದವರು ಹತ್ತರಲ್ಲಿ ಒಬ್ಬರು. ಶಾಲೆಯ ಪಾಠವನ್ನು ಬಿಟ್ಟು ದಿನವೂ ಆಡುತ್ತೇವೆ ಎಂದವರು 71,968 ಮಾತ್ರ. ಆರು ವರ್ಷದ ಹಿಂದೆ ಅದು 73,803 ಇತ್ತು. ಬಲ್ಲವರು ಹೆಚ್ಚಿದರು, ಆಡುವವರು ಕಡಿಮೆಯಾದರು.

ಗೇಲ್ತಖ್ತ್ ಎಂದರೇನು? ಅಲ್ಲಿಯಾದರೂ ಭಾಷೆ ಸುರಕ್ಷಿತವಾಗಿದೆಯೇ?

ಐರಿಷ್ ಇಂದಿಗೂ ಮನೆಮಾತಾಗಿರುವ, ಸರಕಾರ ಗುರುತಿಸಿದ ಸೀಮೆಗಳಿಗೆ ಗೇಲ್ತಖ್ತ್ ಎಂದು ಹೆಸರು. ಡೊನೆಗಾಲ್, ಮೇಯೊ, ಗಾಲ್ವೇ, ಕೆರ್ರಿ, ಕಾರ್ಕ್, ವಾಟರ್‌ಫರ್ಡ್, ಮೀತ್ ಕೌಂಟಿಗಳಲ್ಲಿ ತುಂಡು ತುಂಡಾಗಿ ಹರಡಿವೆ. ಮೀತ್‌ನ ರಾಹ್ ಕಾರ್ನ್ ಹಳ್ಳಿಯ ಕತೆ ಬೇರೆ. 1935ರಲ್ಲಿ ಗಾಲ್ವೇ ಕೌಂಟಿಯ ಪಶ್ಚಿಮದ ಕಾನಮಾರಾ ಸೀಮೆಯ ಬಂಡೆ ನೆಲದಿಂದ 27 ಕುಟುಂಬಗಳನ್ನು ಕರೆತಂದು ಇಂಗ್ಲಿಷ್ ಆಡುವ ಫಲವತ್ತಾದ ಬಯಲಿನಲ್ಲಿ ನೆಲೆಗೊಳಿಸಿದರು. ಅಲ್ಲಿ ಇಂದಿಗೂ ಐರಿಷ್ ಇದೆ.

ಒಟ್ಟು ಗೇಲ್ತಖ್ತ್ ಜನಸಂಖ್ಯೆ ಸುಮಾರು 1,06,000. ಶಾಲೆಯ ಹೊರಗೆ ದಿನವೂ ಐರಿಷ್ ಆಡುವವರು ಅದರಲ್ಲಿ 20,261. ಒಂದು ಊರಿನಲ್ಲಿ ನೂರಕ್ಕೆ 67 ಮಂದಿಯಾದರೂ ದಿನನಿತ್ಯ ಆಡುತ್ತಿದ್ದರೆ ಮಾತ್ರ ಭಾಷೆ ಅಲ್ಲಿ ನಿಲ್ಲುತ್ತದೆ ಎಂದು 2007ರಲ್ಲಿ ಸರಕಾರವೇ ಮಾಡಿಸಿದ ಅಧ್ಯಯನ ಎಚ್ಚರಿಸಿತ್ತು.

ಕುಸಿತ ಹೇಗಿರುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ಗಾಲ್ವೇಯಿಂದ ಪಶ್ಚಿಮಕ್ಕೆ ಬಸ್ ಹತ್ತಿದರೆ ಅರ್ಧ ಗಂಟೆಯಲ್ಲಿ ಸ್ಪಿಡಲ್ ಸಿಗುತ್ತದೆ. ಅಲ್ಲಿನ ದಿನಸಿ ಅಂಗಡಿಯೊಂದರಲ್ಲಿ ಇಬ್ಬರು ಹೆಂಗಸರು ಗಲ್ಲಾಪೆಟ್ಟಿಗೆಯ ಬಳಿ ಐರಿಷಿನಲ್ಲಿ ಹರಟುತ್ತಿದ್ದರು. ನಾನು ಒಳಗೆ ಕಾಲಿಟ್ಟೆ. ನನ್ನ ಮುಖ ಕಂಡದ್ದೇ ತಡ, ಅವರು ತಮ್ಮ ತಮ್ಮಲ್ಲೇ ಇಂಗ್ಲಿಷಿಗೆ ಹೊರಳಿದರು. ನನಗೆ ಒಳಿತಾಗಲಿ, ಹೊರಗಿನವಳಿಗೆ ಮುಜುಗರವಾಗದಿರಲಿ ಎಂಬ ಸೌಜನ್ಯ ಅದು. ಬಂದವರ ಭಾಷೆಗೆ ಹೊರಳುವ ಈ ಅಭ್ಯಾಸ ಬೆಂಗಳೂರಿನವರಿಗೆ ಹೊಸದಲ್ಲ. ನಾನು ಬ್ರೆಡ್ಡು ಕೈಯಲ್ಲಿ ಹಿಡಿದು, ‘ಗೇಲ್ಗೆ, ಲೆ ದೊ ಹಲ್’, ಐರಿಷ್ ಆಗಲಿ, ದಯವಿಟ್ಟು, ಎಂದೆ. ಒಬ್ಬರು ನನ್ನನ್ನು ಒಂದು ಗಳಿಗೆ ನೋಡಿದರು, ಆಮೇಲೆ ಬೆಲೆಯನ್ನು ಐರಿಷಿನಲ್ಲೇ, ನಿಧಾನವಾಗಿ, ಬೆರಳಿನಲ್ಲಿ ಎಣಿಸಿ ಹೇಳಿದರು.

ಇನ್ನೊಂದು ಸಂಗತಿ ಮನೆ. ಸಮುದ್ರ ಕಾಣುವ ಈ ಹಳ್ಳಿಗಳಲ್ಲಿ ರಜೆಯ ಮನೆ ಕೊಳ್ಳುವವರು ಹೆಚ್ಚಿ, ಊರಿನ ಹುಡುಗ ಹುಡುಗಿಯರಿಗೆ ಬಾಡಿಗೆಗೂ ಮನೆ ಸಿಗದಂತಾಗಿದೆ. ಗೇಲ್ತಖ್ತ್ ಯುವಜನರು ಇತ್ತೀಚೆಗೆ ಬೀದಿಗಿಳಿದು ಕೇಳುತ್ತಿರುವುದು ವಸತಿಯನ್ನು. ಐರಿಷ್ ಆಡುವ ದಂಪತಿಗೆ ಐರಿಷ್ ಆಡುವ ಊರಿನಲ್ಲಿ ಸೂರು ಸಿಗದಿದ್ದರೆ ಅವರ ಮಗು ಪೇಟೆಯಲ್ಲಿ ಇಂಗ್ಲಿಷ್ ಕೇಳುತ್ತಾ ಬೆಳೆಯುತ್ತದೆ. ಭಾಷೆಗೆಂದು ಎತ್ತಿಟ್ಟ ಹಣದಲ್ಲಿ ಮೊದಲು ಮನೆಗಳನ್ನು ಕಟ್ಟಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹೀಬ್ರೂ ಮತ್ತೆ ಬದುಕಿತಲ್ಲ, ಐರಿಷ್ ಏಕೆ ಬದುಕಲಿಲ್ಲ?

ಪ್ಯಾಲೆಸ್ಟೈನಿಗೆ ಹತ್ತಾರು ದೇಶಗಳಿಂದ ಬಂದ ಯಹೂದಿಗಳಿಗೆ ಎಲ್ಲರಿಗೂ ತಿಳಿಯುವ ಒಂದು ಆಡುಮಾತು ಇರಲಿಲ್ಲ. ಹೀಬ್ರೂ ಆ ಖಾಲಿ ಜಾಗವನ್ನು ತುಂಬಿತು. ಐರ್ಲೆಂಡಿನಲ್ಲಿ ಅಂಥ ಖಾಲಿ ಜಾಗವೇ ಇರಲಿಲ್ಲ, ಇಂಗ್ಲಿಷ್ ಅಷ್ಟು ಹೊತ್ತಿಗೆ ಒಳಮನೆಗೆ ಬಂದು ಕುಳಿತಿತ್ತು. ಹೋಲಿಸುವುದಾದರೆ ವೆಲ್ಷ್ ಜೊತೆ ಹೋಲಿಸಬೇಕು. ಅಲ್ಲಿ 1588ರಲ್ಲೇ ಬೈಬಲ್ ಪೂರ್ತಿಯಾಗಿ ಜನರ ಭಾಷೆಗೆ ಬಂದು ಚರ್ಚಿನಲ್ಲಿ, ಮನೆಯಲ್ಲಿ ಓದಿಸಿಕೊಂಡಿತು, ಹಳ್ಳಿ ಬಿಟ್ಟವರಿಗೆ ವೇಲ್ಸ್ ಒಳಗೇ ಕಲ್ಲಿದ್ದಲ ಗಣಿಗಳಲ್ಲಿ ಕೆಲಸ ಸಿಕ್ಕಿತು.

ಪೇಟೆಗಳಲ್ಲಿ ಏನಾದರೂ ನಡೆಯುತ್ತಿದೆಯೇ?

ನನಗೆ ಆಸೆ ಹುಟ್ಟಿಸುವ ಸುದ್ದಿಗಳು ಇಲ್ಲಿಯೇ ಇವೆ. ಎಲ್ಲ ಪಾಠಗಳನ್ನೂ ಐರಿಷಿನಲ್ಲೇ ಕಲಿಸುವ ಶಾಲೆಗಳಿಗೆ ಗೇಲ್‌ಸ್ಕೊಲ್ ಎನ್ನುತ್ತಾರೆ. 1970ರ ದಶಕದ ಆರಂಭದಲ್ಲಿ ಗೇಲ್ತಖ್ತ್ ಹೊರಗೆ ಅಂಥ ಪ್ರಾಥಮಿಕ ಶಾಲೆಗಳು ಬೆರಳೆಣಿಕೆಯಷ್ಟು. ಈಗ ಸುಮಾರು ನೂರೈವತ್ತು. ಹೆಚ್ಚಿನವು ತಂದೆತಾಯಿಗಳು ಓಡಾಡಿ, ಬಾಡಿಗೆ ಕೋಣೆಗಳಲ್ಲಿ ಆರಂಭಿಸಿದವು.

ಬೆಲ್‌ಫಾಸ್ಟ್‌ನ ಕತೆ ಇನ್ನೂ ದೊಡ್ಡದು. ಇಂದಿಗೂ ಬ್ರಿಟನ್ನಿನ ಆಳ್ವಿಕೆಯಲ್ಲಿರುವ ಉತ್ತರ ಐರ್ಲೆಂಡಿನಲ್ಲಿ ಸರಕಾರದ ಬೆಂಬಲ ಬಿಡಿ, ಅನುಮಾನವೇ ಎದುರಿಗಿತ್ತು. 1960ರ ದಶಕದ ಕೊನೆಗೆ ಕೆಲವು ಕುಟುಂಬಗಳು ಶಾಸ್ ರೋಡ್ ಎಂಬಲ್ಲಿ ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡು ಐರಿಷ್ ಕೇರಿ ಮಾಡಿಕೊಂಡವು. ಅವರಾರಿಗೂ ಅದು ಹುಟ್ಟಿನಿಂದ ಬಂದ ಮಾತಲ್ಲ, ಕಲಿತ ಮಾತು. 1971ರಲ್ಲಿ ಒಂಬತ್ತು ಮಕ್ಕಳೊಂದಿಗೆ ಶಾಲೆ ತೆರೆದರು. ಇಂದು ಉತ್ತರದಲ್ಲಿ ಸಾವಿರಾರು ಮಕ್ಕಳು ಐರಿಷ್ ಮಾಧ್ಯಮದಲ್ಲಿ ಓದುತ್ತಾರೆ. ಸಂವಿಧಾನದ ಎಂಟನೆಯ ವಿಧಿಗಿಂತ ಆ ಒಂಬತ್ತು ಮಕ್ಕಳ ತಂದೆತಾಯಿಗಳು ಹೆಚ್ಚು ಕೆಲಸ ಮಾಡಿದರು.

ಕಾನೂನು, ರೇಡಿಯೊ, ಟಿವಿ?

ಇವೆ, ಮತ್ತು ಸುಮ್ಮನೆ ಬಂದವಲ್ಲ. 1970ರಲ್ಲಿ ಕಾನಮಾರಾದ ಯುವಕರು ಪರವಾನಗಿಯಿಲ್ಲದೆ ರೇಡಿಯೊ ಪ್ರಸಾರ ಮಾಡಿ ತೋರಿಸಿದರು, 1972ರಲ್ಲಿ ಸರಕಾರ ರೇಡಿಯೊ ನ ಗೇಲ್ತಖ್ತ ಆರಂಭಿಸಿತು. ಟಿವಿ ಬಂದದ್ದು 1996ರಲ್ಲಿ. ಅಧಿಕೃತ ಭಾಷೆಗಳ ಕಾಯಿದೆ 2003ರದ್ದು. ಅದರ 2021ರ ತಿದ್ದುಪಡಿಯಂತೆ 2030ರ ಹೊತ್ತಿಗೆ ಸರಕಾರಿ ನೇಮಕಾತಿಯಲ್ಲಿ ನೂರಕ್ಕೆ ಇಪ್ಪತ್ತು ಮಂದಿಗೆ ಐರಿಷ್ ಬರಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ ಅಧಿಕೃತ ಭಾಷೆ, 2022ರಿಂದ ಪೂರ್ಣ ಸ್ಥಾನ. ಉತ್ತರ ಐರ್ಲೆಂಡ್‌ನಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿದ್ದು 2022ರ ಡಿಸೆಂಬರ್‌ನಲ್ಲಿ.

ಹೊಸ ವಿಷಯಗಳಿಗೆ ಐರಿಷಿನಲ್ಲಿ ಪದಗಳಿವೆಯೇ?

ಬೇಕಾದಷ್ಟು. ಕಂಪ್ಯೂಟರ್‌ಗೆ ‘ರೀವರೆ’, ಎಣಿಸುವುದು ಎಂಬ ಧಾತುವಿನಿಂದ ಬಂದದ್ದು, ನಮ್ಮ ಗಣಕದ ಹಾಗೆ. ಇಂಟರ್‌ನೆಟ್‌ಗೆ ‘ಇದಿರ್‌ಲೀನ್’. ‘ಇದಿರ್’ ಎಂದರೆ ನಡುವೆ, ‘ಲೀನ್’ ಎಂದರೆ ಬಲೆ. ಅಂತರ್ಜಾಲ! ಒಂದು ವ್ಯತ್ಯಾಸ ಮಾತ್ರ ಇದೆ: ‘ಜಾಲ’ವನ್ನು ನಾವು ಸಂಸ್ಕೃತದಿಂದ ತಂದೆವು, ‘ಲೀನ್’ ಎಂಬುದು ಇಲ್ಲಿನ ಮೀನುಗಾರರ ಬಲೆಗೆ ಹಿಂದಿನಿಂದಲೂ ಇದ್ದ ಪದ.

ಎಲ್ಲರಿಗೂ ಇಂಗ್ಲಿಷ್ ಬರುವಾಗ ಇಷ್ಟೆಲ್ಲ ಶ್ರಮ ಏಕೆ?

ಐರ್ಲೆಂಡಿನ ಯಾವ ರಸ್ತೆಯಲ್ಲಾದರೂ ಫಲಕಗಳನ್ನು ಓದುತ್ತಾ ಹೋಗಿ. ಬ್ಯಾಲಿ, ನಾಕ್, ಕಿಲ್ ಎಂದು ಶುರುವಾಗುವ ಊರುಗಳು ಸಾವಿರಾರು. ಇಂಗ್ಲಿಷಿನಲ್ಲಿ ಅವಕ್ಕೆ ಅರ್ಥವೇ ಇಲ್ಲ. ಐರಿಷ್ ಬಂದರೆ ‘ಬಾಲೆ’ ಊರು, ‘ಕ್ನುಕ್’ ಗುಡ್ಡ, ‘ಕಿಲ್’ ಚರ್ಚು. ಡಬ್ಲಿನ್ ಎಂದರೆ ಕಪ್ಪು ಮಡು. ಹತ್ತೊಂಬತ್ತನೆಯ ಶತಮಾನದ ಸರ್ವೇ ಅಧಿಕಾರಿಗಳು ಕಿವಿಗೆ ಬಿದ್ದದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಗೀಚಿಕೊಂಡದ್ದೇ ಇಂದಿಗೂ ನಕ್ಷೆಯಲ್ಲಿದೆ. ಮಡಿಕೇರಿಯನ್ನು ಮರ್ಕೇರಾ ಮಾಡಿದ ಹಾಗೆ, ಆದರೆ ಇಡೀ ದೇಶಕ್ಕೆ. ಮಡಿಕೇರಿ ಎನ್ನುವವರು ಊರಿನಲ್ಲೇ ಇದ್ದರು, ಹೆಸರು ಮರಳಿ ಬಂತು. ಇಲ್ಲಿ ಎಷ್ಟೋ ಕಡೆ ಹೇಳುವ ಬಾಯಿಗಳೇ ಹೋಗಿಬಿಟ್ಟವು. ನಮ್ಮ ಬೀದಿಯ ಹೆಸರಿನ ಅರ್ಥ ‘ಅಲ್ಡರ್ ಮರಗಳ ಗುಡ್ಡ’ ಎಂದು ಪಕ್ಕದ ಮನೆಯ ಅಜ್ಜನಿಗೆ ಗೊತ್ತಾದದ್ದು ನನ್ನ ಮಗಳ ಮನೆಪಾಠದಿಂದ. ಅವರು ಆ ಬೀದಿಯಲ್ಲೇ ಹುಟ್ಟಿದವರು. ಅವರು ಮಾತಿಲ್ಲದೆ ಕಿಟಕಿಯಿಂದ ಹೊರಗೆ ನೋಡುತ್ತಾ ನಿಂತದ್ದು ನನಗೆ ಈ ಪ್ರಶ್ನೆಗೆ ಸಿಕ್ಕ ಉತ್ತರ.

ಕನ್ನಡಕ್ಕೂ ಇದೇ ಗತಿ ಬರುತ್ತದೆಯೇ?

ಹಾಗೆ ಹೆದರಿಸುವುದು ಸರಿಯಲ್ಲ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು ನಾಲ್ಕು ಕೋಟಿಗೂ ಹೆಚ್ಚು. ಐರಿಷ್ ಸ್ಥಿತಿಯನ್ನು ಅರ್ಥ ಮಾಡಿಕೊಳ್ಳಲು ಕೊಡವ, ಕೊರಗ ಭಾಷೆಗಳ ಕಡೆ ನೋಡಬೇಕು. ಹೊರಗಿನ ದೊಡ್ಡ ಭಾಷೆ ಅವರಿಗೆ ಕನ್ನಡವೂ ಹೌದು ಎಂಬುದನ್ನು ನಾವು ಮರೆಯಬಾರದು. ಕನ್ನಡದ ಮಟ್ಟಿಗೆ ನಾನು ಗಮನಿಸುವುದು ಒಂದೇ: ಅಪ್ಪ ಅಮ್ಮ ತಮ್ಮ ನಡುವೆ ಕನ್ನಡ ಆಡಿ, ಮಗುವಿನ ಕಡೆ ತಿರುಗಿದ ಕೂಡಲೇ ಇಂಗ್ಲಿಷಿಗೆ ಹೊರಳುವ ಮನೆಗಳು. ಕಾನಮಾರಾದ ಅಜ್ಜಿಯರು ತಮ್ಮ ಬಾಲ್ಯದ ಬಗ್ಗೆ ಹೇಳುವುದೂ ಇದನ್ನೇ.

ಅಲ್ಲಿಗೆ ಬಂದರೆ ನಮ್ಮ ಮಕ್ಕಳೂ ಐರಿಷ್ ಕಲಿಯಬೇಕೇ?

ಹೌದು, ಎಲ್ಲ ಶಾಲೆಗಳಲ್ಲೂ ಅದೊಂದು ವಿಷಯ. ವಿದೇಶದಲ್ಲಿ ಓದಿ, 12 ವರ್ಷ ತುಂಬಿದ ಮೇಲೆ ಬಂದು ಸೇರುವ ಮಕ್ಕಳಿಗೆ ಸಾಮಾನ್ಯವಾಗಿ ವಿನಾಯಿತಿ ಸಿಗುತ್ತದೆ, ಶಾಲೆಯಲ್ಲಿ ಕೇಳಿ. ಚಿಕ್ಕ ಮಕ್ಕಳಿದ್ದರೆ ವಿನಾಯಿತಿಯ ಯೋಚನೆಯನ್ನೇ ಬಿಡಿ. ಈಗಾಗಲೇ ಎರಡು ಭಾಷೆ ಇರುವ ನಮ್ಮ ಮಕ್ಕಳಿಗೆ ಮೂರನೆಯದು ಬಲು ಬೇಗ ಹತ್ತುತ್ತದೆ.

ದೊಡ್ಡವರು ಕಲಿಯುವುದು ಎಲ್ಲಿಂದ ಶುರು ಮಾಡಬೇಕು?

ಕಾನ್ರಾ ನ ಗೇಲ್ಗೆ ನಡೆಸುವ ತರಗತಿಗಳಿವೆ, ಅಂತರ್ಜಾಲದಲ್ಲೂ ನಡೆಯುತ್ತವೆ. ಡುಯೊಲಿಂಗೊದಲ್ಲಿ 2014ರಿಂದ ಐರಿಷ್ ಇದೆ, ಪದಗಳು ಬಾಯಿಗೆ ಬರುತ್ತವೆ, ಮಾತು ಬರುವುದಿಲ್ಲ. ಅಡುಗೆ ಮಾಡುವಾಗ ರೇಡಿಯೊ ನ ಗೇಲ್ತಖ್ತ ಹಾಕಿಡಿ. ಮೊದಲ ಆರು ತಿಂಗಳು ಊರುಗಳ ಹೆಸರು, ಮಳೆಯ ಸುದ್ದಿ ಮಾತ್ರ ತಿಳಿಯುತ್ತದೆ, ಅದು ಸಾಕು. ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ‘ಖ್’ ಮುಂತಾದ ಧ್ವನಿಗಳಿಗೆ ಇಂಗ್ಲಿಷ್ ಅಕ್ಷರಕ್ಕಿಂತ ವಾಸಿ. ಮೂರು ಮುಖ್ಯ ಉಪಭಾಷೆಗಳಿವೆ. ನಿಮಗೆ ಹತ್ತಿರದ ಗೇಲ್ತಖ್ತ್ ಯಾವುದೋ ಅದನ್ನೇ ಹಿಡಿಯಿರಿ.

ತಪ್ಪು ಮಾತಾಡಲು ಅಂಜಿದರೆ, ಇಲ್ಲಿಯವರೇ ಹೇಳುವ ಪ್ರಾಸದ ಮಾತೊಂದಿದೆ: ‘ಇಸ್ ಫ್ಯಾರ್ ಗೇಲ್ಗೆ ವ್ರಿಶ್ಚೆ ನಾ ಬೇರ್ಲಾ ಕ್ಲಿಶ್ಚೆ’. ಜಾಣ ಇಂಗ್ಲಿಷಿಗಿಂತ ಹರಕು ಐರಿಷ್ ಲೇಸು. ಯಾರಾದರೂ ಎದುರಾದರೆ ‘ಜೀಯ ಗ್ವಿಚ್’ ಎನ್ನಿ, ದೇವರು ನಿನ್ನೊಂದಿಗಿರಲಿ ಎಂದು ಅರ್ಥ. ‘ಜೀಯ ಸ್ ಮ್ವಿರ ಗ್ವಿಚ್’ ಎಂದು ಉತ್ತರ ಬಂದರೆ, ದೇವರ ಜೊತೆಗೆ ಮೇರಿ ಮಾತೆಯನ್ನೂ ಸೇರಿಸಿ ಹರಸಿದ್ದಾರೆ. ಮುಂದಿನ ವಾಕ್ಯವನ್ನು ಮನಸ್ಸಿನಲ್ಲೇ ಸಿದ್ಧ ಮಾಡಿಟ್ಟುಕೊಂಡಿರಿ, ಇಲ್ಲದಿದ್ದರೆ ಅವರು ಇಂಗ್ಲಿಷಿಗೆ ಹೊರಳುತ್ತಾರೆ. ಮಳೆಯ ಬಗ್ಗೆ ಕೇಳಿದರೆ ಸಾಕು. ಗಾಲ್ವೇಯಲ್ಲಿ ಅದಕ್ಕೆ ಉತ್ತರ ಯಾವಾಗಲೂ ಉದ್ದವಾಗಿಯೇ ಇರುತ್ತದೆ.